ಕಿರುಬೆರಳಿನ ಕಾರ್ಡ್

ಮಾನ್ಯ ಅಧ್ಯಕ್ಷರೇ, ಮ್ಯಾನೇಜರ್ ಸಾಹೇಬರೇ, ಮೂವತ್ತು ವರ್ಷ ನನ್ನ ಬೈಗುಳ ತಿಂದೂ ಇವತ್ತು ಚಪ್ಪಾಳೆ ತಟ್ಟಿದ ಪ್ರೆಸ್ ವಿಭಾಗದ ಸಭಿಕರೇ,

ನನ್ನ ನಿವೃತ್ತಿಯ ಸನ್ಮಾನ ಪತ್ರವನ್ನು ಈಗಷ್ಟೇ ಓದಿದರು. ನಾನು ಫೋರ್‌ಮನ್ ಆಗಿದ್ದ ಮೂವತ್ತು ವರ್ಷಗಳಲ್ಲಿ ಒಂದೂ ಅಪಘಾತವಿಲ್ಲವಂತೆ. ಭಾಷಣದ ನಂತರ ನಾನು ಗಿಟಾರ್ ನುಡಿಸುತ್ತೇನೆಂದೂ ಪ್ರಕಟಿಸಿದ್ದಾರೆ. ತಗಡು ಒತ್ತುವವನಿಗೆ ಗಿಟಾರ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಬೇಕು ಕೂಡ.

ಗಿಟಾರ್ ನನ್ನದಲ್ಲ, ನನ್ನ ತಮ್ಮನದು. ಹತ್ತೊಂಬತ್ತು ವರ್ಷದ ಹಿಂದೆ ಅವನೂ ನನ್ನ ಕೈಕೆಳಗೆ ಪ್ರೆಸ್ ನಡೆಸುತ್ತಿದ್ದ. ಆಗ ಅವನಿಗೆ ಡಾಮಿನೆಂಟ್ ಸೆವೆಂತ್ ಕಾರ್ಡ್‌ಗಳ, ಅಂದರೆ ಗಿಟಾರಿನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತಗಳ, ಹುಚ್ಚು. ಊಟದ ಬಿಡುವಿನಲ್ಲಿ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟು ಪಾಠ ಹೇಳುತ್ತಿದ್ದ. "ನೋಡಣ್ಣ, ಸಿ ಕಾರ್ಡ್‌ಗೆ ಮೂರು ಬೆರಳು ಸಾಕು. ಕಿರುಬೆರಳನ್ನ ಮೂರನೇ ತಂತಿ ಮೇಲಿಟ್ರೆ ಸಿ ಸೆವೆಂತ್. ಅದು ಸುಮ್ನೆ ನಿಲ್ಲೋದಿಲ್ಲ, ಎಫ್‌ಗೆ ಹೋಗ್ಬೇಕು ಅಂತ ಹಠ ಮಾಡುತ್ತೆ." ನನಗೇನು ತಿಳಿಯುತ್ತೆ? "ಮೊದ್ಲು ಊಟ ಮಾಡೋ" ಎನ್ನುತ್ತಿದ್ದೆ. ಎರಡು ತಿಂಗಳು ಕಿರುಬೆರಳು ಅವನ ಮಾತು ಕೇಳಲಿಲ್ಲ. ಒಂದು ಸೋಮವಾರ "ಬಂತಣ್ಣ, ಬಂತು" ಎಂದು ಓಡಿ ಬಂದ.

ಅದೇ ವಾರ, ಗುರುವಾರ.

ತಗಡು ಒತ್ತುವ ನಮ್ಮ ಪ್ರೆಸ್ ಯಂತ್ರಕ್ಕೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಕೈ ಒಳಗೆ ಹೋಗದಿರಲೆಂದೇ ಆ ಏರ್ಪಾಡು. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ ಒಂದು ಬಟನ್ ಒತ್ತಿ ಟೇಪ್ ಸುತ್ತುತ್ತಿದ್ದೆವು. ಎಡಗೈ ಬಿಡುವಾಗಿ ತಗಡು ಬೇಗ ಒಳಗೆ ಹೋಗುತ್ತಿತ್ತು. ಇಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮ್ಯಾನೇಜರ್ ಸಾಹೇಬರು ಗಡಿಯಾರ ನೋಡುತ್ತಿದ್ದಾರೆ. ಐದೇ ನಿಮಿಷ, ಸಾಹೇಬರೇ. ಆ ದಿನ ತಮ್ಮನ ಪ್ರೆಸ್‌ಗೆ ಟೇಪ್ ಸುತ್ತಿದವನು ನಾನು. ಹಲ್ಲಿನಿಂದ ಕಚ್ಚಿ ಹರಿದೆ. ಆ ಅಂಟಿನ ರುಚಿ ಇನ್ನೂ ಬಾಯಲ್ಲಿದೆ.

ಹೋದದ್ದು ಎಡಗೈಯ ಕಿರುಬೆರಳು.

ಆಸ್ಪತ್ರೆಯಲ್ಲಿ ನಾನೇ ಕೇಳಿದೆ: "ಮನೆ ಬಾಗಿಲಿಗೆ ಬೆರಳು ಸಿಕ್ತು ಅಂತ ಹೇಳ್ತೀಯೇನೋ?" ಅವನು ನನ್ನ ಮುಖ ನೋಡಲಿಲ್ಲ. "ಹೇಳ್ತೀನಿ ಬಿಡಣ್ಣ" ಎಂದ. ಹಾಗೆಯೇ ವರದಿ ಬರೆದೆ. ಪರಿಹಾರ ಸಿಗಲಿಲ್ಲ, ಗೇಟಿನಲ್ಲಿ ಕೆಲಸ ಸಿಕ್ಕಿತು. ಗೇಟಿನ ಬೋರ್ಡಿನಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬುದರ ಕೆಳಗೆ ದಿನಾ ಬೆಳಿಗ್ಗೆ ಸಂಖ್ಯೆ ಬದಲಿಸುವವನು ನನ್ನ ತಮ್ಮನೇ. ಒಂಬತ್ತು ಬೆರಳಿನಲ್ಲಿ. ನಾವೆಲ್ಲ ಅದರ ಕೆಳಗಿನಿಂದಲೇ ಒಳಗೆ ಬರುತ್ತೇವೆ.

ಗಿಟಾರನ್ನು ಅವನು ನನ್ನ ಮನೆಗೆ ತಂದಿಟ್ಟ. "ಇ ಸೆವೆಂತ್, ಎ ಸೆವೆಂತ್ ಎಲ್ಲಾ ಕಿರುಬೆರಳಿಲ್ದೆ ಬರುತ್ತಣ್ಣ. ಸಿ ಸೆವೆಂತ್ ಒಂದು ನೀನು ಕಲ್ತ್ಕೊ." ತಪ್ಪು ತೀರಿಸುವ ದಾರಿ ಇದೇ ಎಂದು ಹುಚ್ಚನ ಹಾಗೆ ಕಲಿತೆ. ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಅವನ ಮುಂದೆ ಸಿ ಸೆವೆಂತ್ ನುಡಿಸಿದೆ. ಕಣ್ಣು ಮುಚ್ಚಿ ಕೇಳಿದ. "ಸರಿಯಾಗಿದೆ. ಈಗ ಎಫ್ ಹಿಡಿ, ಅಲ್ಲೇ ನಿಲ್ಲಿಸ್ಬೇಡ" ಎಂದ. ಎಫ್‌ಗೆ ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತಬೇಕು. ನನಗೆ ಬರಲಿಲ್ಲ. ಇವತ್ತಿಗೂ ಬರುವುದಿಲ್ಲ. ಅವನು ಎದ್ದು ಹೋದ. ಆಮೇಲೆ ಗಿಟಾರಿನ ಮಾತೇ ಎತ್ತಿಲ್ಲ.

ಆದ್ದರಿಂದ ಇವತ್ತು ನಾನು ನುಡಿಸುವುದಿಲ್ಲ. ಈ ಸನ್ಮಾನ ಪತ್ರವೂ ಮೇಜಿನ ಮೇಲೆಯೇ ಇರಲಿ. ಟೇಪ್ ಸುತ್ತಿದವನು ನಾನು, ಸುಳ್ಳು ಬರೆದವನು ನಾನು. ಅದನ್ನು ಬರೆದು ಸಹಿ ಹಾಕಿದ ಕಾಗದವನ್ನು ಅಧ್ಯಕ್ಷರ ಮುಂದೆ ಇಡುತ್ತಿದ್ದೇನೆ.

ತಮ್ಮ, ಬಾಗಿಲ ಹತ್ತಿರ ನಿಂತಿದ್ದೀಯ, ಕಾಣುತ್ತಿದೆ. ನಾಳೆ ಬೆಳಿಗ್ಗೆ ಬೋರ್ಡಿಗೆ ಒಂದು ಕೂಡಿಸಬೇಡ. ಆ ಗುರುವಾರದಿಂದ ಎಣಿಸಿ ಹಾಕು.

ಇಷ್ಟು ಹೊತ್ತು ಕೂತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ, ಬಾಗಿಲ ಹತ್ತಿರ ನಿಂತವನಿಗೆ ಮೊದಲು, ನಮಸ್ಕಾರ.