ಮನೆಗೊಂದು ಏಟು

ತೊಂಬತ್ತಾರನೇ ಇಸವಿ. ನನ್ನ ಚಿಕ್ಕಪ್ಪನ ಮಗ ಕಾಂತೇಶ ನಿಟ್ಟೂರಲ್ಲಿ ರಾತ್ರಿ ರೈಲು ಇಳಿದು ಊರಿಗೆ ನಡ್ಕೊಂಡು ಬರ್ತಿದ್ದ. ಸೇದೋ ಬಾವಿ ಹತ್ರ ಬಂದಾಗ ಹಿಂದೆ ಸದ್ದು. ಸರ್ರ್... ಸರ್ರ್... ನಾರಿನ ಹಗ್ಗ ಜಲ್ಲಿ ಮೇಲೆ ಎಳೆದಂಗೆ.

ನಿಂತ. ಅದೂ ನಿಂತಿತು.

ನಾಲ್ಕು ದಿನದ ಹಿಂದೆ ಪಕ್ಕದೂರಿನ ಗುಂಡಯ್ಯ, ನಮ್ಮ ದೊಡ್ಡಪ್ಪ ಮಹಾಲಿಂಗಯ್ಯನವರ ಅಟ್ಟದಲ್ಲಿ ಕೊಬ್ಬರಿ ಕದ್ದು ಸಿಕ್ಕಿಬಿದ್ದಿದ್ದ. ನಾರಿನ ಹಗ್ಗದಲ್ಲಿ ಲೈಟ್ ಕಂಬಕ್ಕೆ ಕಟ್ಟಿದ್ವಿ. ಕಳ್ಳ ಸಿಕ್ಕಿದ್ರೆ ನಮ್ಮೂರಲ್ಲಿ ಮನೆಗೊಂದು ಏಟು. ಎಲ್ಲರ ಕೈಯೂ ಸೇರಿದ್ರೆ ಯಾರೂ ಸಾಕ್ಷಿ ಹೇಳಲ್ಲ. ನಾನೂ ಹೊಡ್ದೆ. ಬೆಳಗಾಗೋ ಹೊತ್ತಿಗೆ ಸತ್ತಿದ್ದ. ಪೊಲೀಸರು ಬಂದ್ರು. ಮರದಿಂದ ಬಿದ್ದ ಅಂದ್ವಿ. ಹೋದ್ರು.

ಕಾಂತೇಶ ಒಬ್ಬನೇ, ಎಲ್ಲಾ ನೋಡಿ, ತನ್ನ ಸರದಿ ಬರೋ ಮುಂಚೆ ಜಾರ್ಕೊಂಡಿದ್ದ.

"ಕೈ ನೋಯ್ತಿತ್ತೇನ್ಲಾ, ಹೊಡೀಲೇ ಇಲ್ಲ?" ಬಾವಿ ಹತ್ರ ಅವನ ಕಿವಿ ಹಿಂದೇನೇ ಪಿಸುಮಾತು.

"ಗುಂಡಣ್ಣ... ಬುಟ್ಬುಡು ನನ್ನ."

"ಬುಡ್ತೀನಿ. ಸ್ಟೇಷನ್‌ಗೋಗಿ ನೋಡಿದ್ದು ಹೇಳು. ನೀನೊಬ್ನೇ ಹೇಳೋಕಾಗೋನು."

"ಆಗಲ್ಲ ಕಣಣ್ಣ. ಇದೇ ಊರಲ್ಲಿ ಬಾಳ್ಬೇಕು ನಾನು."

ಸರ್ರ್... ಹಗ್ಗ ಅವನ ಸುತ್ತ ಒಂದು ಸುತ್ತು ಬಂತು.

"ಹಂಗಾರೆ ನಿನ್ನ ಹೆಸ್ರು ಕೊಡು. ನಾನೇ ಹೋಯ್ತೀನಿ."

"ತಗೋ" ಅಂದು ಓಡಿದ. ನಮ್ಮನೆ ಬಾಗಿಲಿಗೆ ಬಂದು ಬಿದ್ದ. ಆಗ ಹತ್ತು ಗಂಟೆ. ಇಷ್ಟನ್ನೂ ತೊದಲ್ತಾ ಹೇಳಿದ. ಬೆಳಗಿನವರೆಗೂ ನನ್ನ ಪಕ್ಕದಲ್ಲೇ ಮಲಗಿದ್ದ, ನನ್ನ ತೋಳು ಬಿಡದೆ.

ಬೆಳಿಗ್ಗೆ ಜೀಪು ಬಂತು. ಊರಿನ ಮನೆಮನೆ ಗಂಡಸರನ್ನೆಲ್ಲಾ ಹತ್ತಿಸಿದ್ರು.

ಸ್ಟೇಷನ್ನಲ್ಲಿ ರೈಟರು ಹೇಳಿಕೆ ಓದಿದ್ರು. ರಾತ್ರಿ ಹನ್ನೊಂದಕ್ಕೆ ಬರೆಸಿದ್ದಂತೆ. ಕೆಳಗೆ ಕಾಂತೇಶನ ರುಜು. ಅವನದೇ ಅಕ್ಷರ. ಯಾವ ಮನೆಯವನು ಎಲ್ಲಿಗೆ ಹೊಡೆದ, ಒಂದೊಂದೇ ಇತ್ತು.

ಮಹಾಲಿಂಗಯ್ಯ ಕಾಂತೇಶನ ಕಡೆ ತಿರುಗಿದ್ರು. "ಉಂಡ ಮನೆಗೇ ಹಿಂಗ್ ಮಾಡ್ದಾ?"

"ನಾನು ಬಂದೇ ಇಲ್ಲ ದೊಡ್ಡಪ್ಪ" ಅಂದ. ಯಾರೂ ನಂಬಲಿಲ್ಲ. ನಾನು ಬಾಯಿ ಬಿಡೋದ್ರೊಳಗೆ ರೈಟರು ಓದ್ತಿದ್ದ ಹಾಳೆಯಲ್ಲಿ ನನ್ನ ಹೆಸರು ಬಂತು.

"ಇವನ ಹೆಂಡತಿ ಮಂಗಳಗೌರಿ ಅಡುಗೆಮನೆಯಲ್ಲಿ ಕೈ ಹಿಡಿದು, ಅವನಿಗೂ ಮಕ್ಕಳಿದಾವೆ, ಹೋಗಬೇಡಿ ಎಂದಳು. ಇವನು ಕೈ ಕೊಡವಿ ಹೋದ."

ಎಲ್ಲಾ ಒಪ್ಕೊಂಡೆ. ಜೈಲಿಗೂ ಹೋಗಿ ಬಂದೆ.

ಆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ವಿ. ಬಾಗಿಲು ಹಾಕಿತ್ತು. ನಾನು ಯಾರಿಗೂ ಹೇಳಿಲ್ಲ. ಅವಳೂ ಹೇಳಿಲ್ಲ ಅಂತ ಸಾಯೋವರೆಗೂ ಆಣೆ ಇಡ್ತಿದ್ಲು. ಅವಳು ಹೋಗಿ ಈಗ ಎರಡು ವರ್ಷ.

ಸುಳ್ಳಲ್ಲ ಇದು. ಆ ಹಾಳೆ ನನ್ನ ಕೈಯಲ್ಲಿ ಹಿಡಿದು ನೋಡಿದೀನಿ. ಕೊಡವಿದ್ದು ಎಡಗೈ ಅಂತಲೂ ಬರೆದಿತ್ತು.