ಸಿಟ್ಟಿಗೊಂದು ಪೆಪ್ಪರಮೆಂಟು

ಇನ್ನೊಬ್ಬರ ಸಂಸಾರಕ್ಕೆ ಕಿವಿ ಕೊಡುವ ಚಟ ನನಗಿಲ್ಲ. ಆದರೆ ಬಸ್ಸಿನ ಸಾಲು ಬಿಟ್ಟು ಹೋಗುವಂತಿರಲಿಲ್ಲ. ಮುಂದೆ ಗಂಡ ಹೆಂಡತಿ ನಿಂತಿದ್ದರು. ಅವಳ ಕೊರಳಲ್ಲಿ ಹೊಲಿಗೆಯವರ ಟೇಪು ಇನ್ನೂ ನೇತಾಡುತ್ತಿತ್ತು.

“ನಿನ್ನೆ ನಿಮ್ಮಕ್ಕನ ಎದುರಿಗೇ ನನ್ನ ಬಾಯಿಗೆ ಸಕ್ಕರೆ ತುರುಕಿದ್ರಲ್ಲ, ಯಾಕೆ?”

“ನೀನು ಕೂಗಾಡ್ತಿದ್ದೆ. ಶುಗರ್ ಇಳಿದಿದೆ ಅಂದ್ಕೊಂಡೆ.”

“ಇಳಿದಿರ್ಲಿಲ್ಲ. ಊಟಕ್ಕೆ ಬರ್ತೀನಿ ಅಂದೋರು ಬರ್ಲಿಲ್ಲ, ಅದಕ್ಕೆ ಕೂಗಿದ್ದು.”

“ಹೋದ ತಿಂಗಳು ಇನ್ಸುಲಿನ್ ತಗೊಂಡು, ಊಟ ಮಾಡ್ದೆ ನನಗೆ ಕಾದು, ಹೀಗೇ ಕೂಗ್ತಾ ಮಷಿನ್ ಮೇಲೆ ಬಿದ್ದೆಯಲ್ಲೇ. ಅವತ್ತು ಬರೀ ಸಿಟ್ಟು ಅಂತ ನಾನು ಪೇಪರ್ ಓದ್ತಾ ಕೂತಿದ್ದೆ.”

ಅವಳು ಕೊರಳಿನ ಟೇಪನ್ನು ಎಳೆದು ಬೆರಳಿಗೆ ಸುತ್ತಿಕೊಂಡಳು.

“ಹಾಗಂತ ನನಗೆ ಸಿಟ್ಟೇ ಬರಬಾರ್ದಾ? ಮದುವೆಯಾದಾಗಿಂದ ಬೈದಿದ್ದು ಒಂದೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಬಾಯಿ ತೆಗೆದ್ರೆ ಸಕ್ಕರೆ.”

“ಮೀಟರಲ್ಲಿ ಶುಗರ್ ನೋಡ್ಕೊಂಡು ಆಮೇಲೆ ಬೈಯೇ, ನಿನ್ನ ದಮ್ಮಯ್ಯ.”

“ಬೈಯೋಕೂ ಬೆರಳು ಚುಚ್ಕೋಬೇಕಾ? ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಕೊಳ್ಳೋದೂ ಒಂದೇ!”

ಸಾಲಿನವರೆಲ್ಲ ತಿರುಗಿ ನೋಡಿದರು. ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು.

“ಇದು ಯಾವುದೇ?” ಎಂದು ಮೆಲ್ಲಗೆ ಕೇಳಿದ. “ಸಿಟ್ಟೋ, ಶುಗರ್ರೋ?”

ಅವಳು ಅಂಗೈ ನೋಡಿಕೊಂಡಳು. ಬೆವೆತಿತ್ತು.

“ನನಗೂ ಗೊತ್ತಾಗ್ತಿಲ್ಲ ರೀ. ಕೊಡಿ.”

ಬಸ್ಸು ಬಂತು. ಪೆಪ್ಪರಮೆಂಟು ಬಾಯಲ್ಲಿಟ್ಟುಕೊಂಡು ಅವಳು ನಿಧಾನಕ್ಕೆ ಮೆಟ್ಟಿಲು ಹತ್ತಿದಳು. ಹಿಂದಿನಿಂದ ಅವನು ಅವಳ ಬೆನ್ನಿಗೆ ಕೈ ಕೊಟ್ಟಿದ್ದ.

“ಬರ್ತೀನಿ ಅಂದ್ಮೇಲೆ ಬರಬೇಕು,” ಅನ್ನುತ್ತಲೇ ಇದ್ದಳು.