ರ‍್ಯಾಂಪ್ ಇಳಿದಲ್ಲೇ ಸಿಗ್ನಲ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಸನ್ಮಾನಕ್ಕೆ ಪಾತ್ರರಾಗಿರುವ ರಸ್ತೆ ಎಂಜಿನಿಯರ್ ಸಾಹೇಬರೇ, ಊಟದ ಪರಿಮಳ ಬಂದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಸಾಹೇಬರನ್ನು ಹೊಗಳಲು ನಮ್ಮ ವರ್ತಕರ ಸಂಘ ನನ್ನನ್ನೇ ಏಕೆ ಆರಿಸಿತು? ಅವರಿಂದ ಹೊಟ್ಟೆಯ ಮೇಲೆ ಹೊಡೆಸಿಕೊಂಡವನು ನಾನೊಬ್ಬನೇ. ಅಂಥವನು ಹೊಗಳಿದರೆ ಜನ ನಂಬುತ್ತಾರಂತೆ.

ನನ್ನದು ಕಾರು ಗ್ಯಾರೇಜು. ಹೆದ್ದಾರಿಯಿಂದ ಇಳಿಯುವ ರ‍್ಯಾಂಪ್ ಮುಗಿದಲ್ಲೇ ಸಿಗ್ನಲ್ಲು, ಸಿಗ್ನಲ್ಲಿನ ಪಕ್ಕದಲ್ಲೇ ನಾನು. ಇಳಿದವರು ವೇಗ ತಗ್ಗಿಸುವುದೇ, ಪಕ್ಕದ ಸಾಲಿಗೆ ಹೋಗುವುದೇ, ಬ್ರೇಕ್ ಒತ್ತುವುದೇ? ಯೋಚಿಸುವಷ್ಟರಲ್ಲಿ ಮುಂದಿನ ಕಾರಿನ ಬೆನ್ನು ಸಿಗುತ್ತಿತ್ತು. ನಾನು ಬೋರ್ಡು ಕೂಡ ಹಾಕಿಸಿರಲಿಲ್ಲ ಸ್ವಾಮಿ. ಯಾಕೆ ಹಾಕಿಸಲಿ? ಮಕ್ಕಳ ಓದು, ಮನೆಯ ಮಹಡಿ, ಎಲ್ಲವೂ ಆ ರ‍್ಯಾಂಪಿನ ಕೃಪೆ.

ಹೀಗಿರುವಾಗ ನನ್ನ ಮನೆಯಾಕೆ ಕಾರು ಕಲಿತಳು. ಕಲಿಸಿದವನು ನಾನೇ, ಹಾಗಾಗಿ ಎಷ್ಟು ಕಲಿತಿದ್ದಾಳೆಂಬುದು ನನಗೊಬ್ಬನಿಗೇ ಗೊತ್ತು. ದಿನವೂ ಕೆಲಸ ಮುಗಿಸಿ ಅದೇ ರ‍್ಯಾಂಪಿನಲ್ಲಿ ಇಳಿಯತೊಡಗಿದಳು. ಅಂದಿನಿಂದ ಹೊರಗೆ ಢಬ್ ಎಂದರೆ, ಗುದ್ದಿದ ಕಾರಿನ ಬಣ್ಣ ನೋಡುವವರೆಗೆ ನನಗೆ ಉಸಿರೇ ಬರುತ್ತಿರಲಿಲ್ಲ. ಹೆದರಿದ್ದೆ, ಮಾನ್ಯರೇ, ಬಹಳ ಹೆದರಿದ್ದೆ.

ನೇರ ಸಾಹೇಬರ ಕಚೇರಿಗೆ ಹೋಗಿ, ಸಿಗ್ನಲ್ಲನ್ನು ದೂರ ಸರಿಸಿ ಎಂದೆ. ಅವರು ನಕ್ಷೆ ಹಾಸಿದರು. ಇಳಿದವರಿಗೆ ನಿಧಾನಿಸಲು, ಸಾಲು ಬದಲಿಸಲು, ನಿಲ್ಲಲು ಬೇರೆ ಬೇರೆ ಜಾಗ ಬೇಕೆಂದು ವಿವರಿಸಿ, ಕೊನೆಗೆ ನನ್ನ ಕೈಯ ಗ್ರೀಸ್ ನೋಡಿ ಕೇಳಿದರು: "ನಿಮ್ಮ ಗ್ಯಾರೇಜಿನ ಗತಿ ಏನಾಗುತ್ತೆ, ಯೋಚ್ನೆ ಮಾಡಿದೀರಾ?"

ಮಾಡಿರಲಿಲ್ಲ. ಸಿಗ್ನಲ್ ದೂರ ಹೋಯಿತು, ಹಿಂದೆಯೇ ನನ್ನ ಗಿರಾಕಿಗಳೂ ಹೋದರು. ಈಗ ಬರುವುದು ಮನೆಯಾಕೆಯ ಕಾರೊಂದೇ. ಆಕೆ ಗುದ್ದುವುದು ನಮ್ಮ ಗೇಟಿಗೆ. ಬಿಲ್ ಯಾರಿಗೆ ಕೊಡಲಿ?

ನನ್ನ ಭಾವಮೈದುನ ಚುರುಕು. ಪಕ್ಕದ ಊರಲ್ಲಿ ಇಂಥದ್ದೇ ರ‍್ಯಾಂಪ್, ಬುಡದಲ್ಲೇ ಸಿಗ್ನಲ್, ಎದುರಿಗೇ ಖಾಲಿ ಮಳಿಗೆ ಇದೆಯೆಂದು ಹುಡುಕಿಕೊಟ್ಟ. ಕಳೆದ ವಾರ ನೋಡಲು ಹೋದೆ. ಚಿನ್ನದಂಥ ಜಾಗ. ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಮೇಲಿನಿಂದ ಒಂದು ಕಾರು ಇಳಿಯಿತು. ಒಳಗೆ ಒಬ್ಬ ಹೆಂಗಸು, ಸ್ಟೀರಿಂಗನ್ನು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು. ಮುಂದೆ ಸಿಗ್ನಲ್ ಕೆಂಪು. ನಾನು ರಸ್ತೆಗೇ ನುಗ್ಗಿ ಎರಡೂ ಕೈ ಬೀಸಿ ನಿಲ್ಲಿಸಿದೆ. ಆಕೆ ಗಾಜು ಇಳಿಸಿ ಚೆನ್ನಾಗಿ ಬೈದಳು. ಬೈಸಿಕೊಂಡು, ಮುಂಗಡ ಕೊಡದೆ ಮನೆಗೆ ಬಂದೆ.

ಆದ್ದರಿಂದ ಸಾಹೇಬರೇ, ಈ ಹೂಗುಚ್ಛದ ಜೊತೆಗೆ ಒಂದು ಅರ್ಜಿಯನ್ನೂ ಕೊಡುತ್ತಿದ್ದೇನೆ. ಆ ಊರಿನ ಸಿಗ್ನಲ್ಲನ್ನೂ ದೂರ ಸರಿಸಿಬಿಡಿ. ಆದಷ್ಟು ಬೇಗ ಸರಿಸಿ. ಮಳಿಗೆ ಇನ್ನೂ ಖಾಲಿಯಿದೆ, ನಾನೂ ಸಂಸಾರಸ್ಥ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.